ಮದುವೆಯ ಡಿಸ್ಕೂ ಗ್ರಂಥಸಂಪಾದನೆಯೂ

‘ಸಂಪಾದನೆ’ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬಹುಕಾಲ ಎರಡೇ ಅರ್ಥಗಳಿದ್ದವು. ಒಂದು, ತಿಂಗಳ ಮೊದಲ ವಾರದಲ್ಲಿ ನನ್ನ ತಾಯಿ ಮೆಲ್ಲಗೆ ವಿಚಾರಿಸುತ್ತಿದ್ದದ್ದು. ಇನ್ನೊಂದು, ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದು. ಮೂರನೆಯ ಅರ್ಥವನ್ನು 2024ರಲ್ಲಿ ನನ್ನ ತಂಗಿಯ ಮಗಳು ಕಲಿಸಿದಳು. ಒಂದು ಭಾನುವಾರ ಮಲ್ಲೇಶ್ವರದಿಂದ ಬಸವನಗುಡಿಯ ನಮ್ಮ ಮನೆಗೆ ಬಂದವಳು, ಕಾಫಿ ಲೋಟವನ್ನು ಕೆಳಗಿಡುವುದರೊಳಗಾಗಿ, ‘ಮಾವ, ಅಪ್ಪ ಅಮ್ಮನ ಮದುವೆಯ ಡಿಸ್ಕು ನಿಮ್ಮ ಹತ್ತಿರ ಇದೆಯಂತೆ. ಕಂಪ್ಯೂಟರಿಗೆ ಹಾಕಿಕೊಂಡು ಎಡಿಟ್ ಮಾಡಬೇಕು. ಹತ್ತು ನಿಮಿಷಕ್ಕೆ ಇಳಿಸಿದರೆ ಸಾಕು’ ಎಂದಳು. ಸ್ವಲ್ಪ ತಡೆದು, ‘ಅದರಲ್ಲಿ ಅಜ್ಜಿ ಮಾತಾಡುತ್ತಾರೆಯೇ?’ ಎಂದು ಕೇಳಿದಳು. ನನ್ನ ತಾಯಿ ತೀರಿಕೊಂಡದ್ದು 1998ರಲ್ಲಿ. ಆಗ ಈ ಹುಡುಗಿಗೆ ನಾಲ್ಕು ವರ್ಷ. ಅಜ್ಜಿಯ ಮುಖ ಅವಳಿಗೆ ಫೋಟೋದಿಂದ ಗೊತ್ತು, ದನಿ ಗೊತ್ತಿಲ್ಲ.

ಮದುವೆ ನಡೆದದ್ದು 1991ರಲ್ಲಿ, ಚಾಮರಾಜಪೇಟೆಯ ಒಂದು ಛತ್ರದಲ್ಲಿ. ಅದನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ತೆಗೆಸಿದ್ದೆವು. 2006ರಲ್ಲಿ ಒಂದು ಅಂಗಡಿಯಲ್ಲಿ ಕೊಟ್ಟು ಡಿಸ್ಕಿಗೆ ಇಳಿಸಿಕೊಂಡಿದ್ದೆ. ಆ ಡಿಸ್ಕು ನನ್ನ ಬೀರುವಿನಲ್ಲಿ ಪಂಪಭಾರತದ ಹಿಂದೆ ಕಾಗದದ ಲಕೋಟೆಯಲ್ಲಿ ಸಿಕ್ಕಿತು. ಹದಿನೆಂಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಭದ್ರವಾಗಿರಬೇಕೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಕಾರ್ಖಾನೆಯಲ್ಲಿ ಅಚ್ಚಾದ ಸಿನಿಮಾ ಡಿಸ್ಕಿನಲ್ಲಿ ಕುಳಿಗಳು ಒತ್ತಲ್ಪಟ್ಟಿರುತ್ತವೆ, ಅದನ್ನು ಶಾಸನವೆನ್ನಬಹುದು. ಅಂಗಡಿಯವರು ಬರೆದುಕೊಡುವ ಡಿಸ್ಕಿನಲ್ಲಿರುವುದು ತೆಳ್ಳನೆಯ ಒಂದು ಬಣ್ಣದ ಪದರ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಕಪ್ಪಾಗಿಸಿ ಬರೆಯುತ್ತದೆ. ಬಿಸಿಲಿಗೂ ಸೆಕೆಗೂ ತೇವಕ್ಕೂ ಆ ಬಣ್ಣ ಮಾಸುತ್ತ ಹೋಗುತ್ತದೆ. ಅಂದರೆ ಇದು ತಾಳೆಯೋಲೆ. ಓಲೆಯ ಕೊನೆಯಲ್ಲಿ ನಮ್ಮ ಲಿಪಿಕಾರರು ಗ್ರಂಥದ ಬಾಯಿಂದಲೇ ಒಂದು ಬಿನ್ನಹವನ್ನು ಮಾಡಿಸುವುದುಂಟಷ್ಟೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು. ಡಿಸ್ಕಿಗೆ ಬಾಯಿದ್ದಿದ್ದರೆ ಇದನ್ನೇ ಹೇಳುತ್ತಿತ್ತು. ಮೂರ್ಖನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗಿನ ಕಂಪ್ಯೂಟರುಗಳಿಗೆ ಡಿಸ್ಕು ಹಾಕುವ ಬಾಯಿಯೇ ಇರುವುದಿಲ್ಲ. ಎಸ್.ಪಿ. ರಸ್ತೆಗೆ ಹೋಗಿ, ಹೊರಗಿನಿಂದ ಜೋಡಿಸುವ ಒಂದು ಡ್ರೈವನ್ನು ಕೊಂಡು ತಂದೆವು. ಹುಡುಗಿ ಮೆತ್ತನೆಯ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದಳು. ತಟ್ಟೆ ಒರೆಸುವಂತೆ ಸುತ್ತ ಒರೆಸಬಾರದಂತೆ. ಬರವಣಿಗೆ ಸುರುಳಿಯಾಗಿ ಸಾಗುವುದರಿಂದ, ಸುತ್ತ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೂ ಅಳಿಸಿಹಾಕುತ್ತದೆ. ತೆರೆದಾಗ ಕಂಡದ್ದು ಒಂದು ಸಿನಿಮಾ ಅಲ್ಲ. ‘ವಿಡಿಯೊ ಟಿ.ಎಸ್.’ ಎಂಬ ಒಂದು ಫೋಲ್ಡರು, ಅದರೊಳಗೆ ತುಂಡು ತುಂಡಾದ ಕಡತಗಳು. ದೃಶ್ಯವೂ ಶಬ್ದವೂ ಸೇರಿರುವ ದೊಡ್ಡ ಕಡತಗಳಿಗೆ ‘ವಿ.ಒ.ಬಿ.’ ಎಂದು ಹೆಸರು. ಒಂದೊಂದೂ ಒಂದು ಗಿಗಾಬೈಟಿನೊಳಗೆ ನಿಲ್ಲುತ್ತದೆ. ಮಾತಿನ ನಡುವೆಯೇ ಒಂದು ಮುಗಿದು ಇನ್ನೊಂದು ಆರಂಭವಾಗಬಹುದು. ಓಲೆ ಮುಗಿದರೆ ಪದ್ಯ ಅರ್ಧದಲ್ಲಿ ನಿಂತು ಮುಂದಿನ ಓಲೆಗೆ ಹೋಗುವುದಿಲ್ಲವೇ, ಹಾಗೆ. ಯಾವುದರ ಮುಂದೆ ಯಾವುದು ಎಂದು ಹೇಳುವ ಚಿಕ್ಕ ಕಡತಗಳು ಬೇರೆ ಇವೆ. ಆ ಚಿಕ್ಕ ಕಡತಗಳಿಗೆ ಅಲ್ಲಿಯೇ ಒಂದೊಂದು ನಕಲೂ ಇರುತ್ತದೆ. ಈ ವ್ಯವಸ್ಥೆಯನ್ನು ಮಾಡಿದವರ ಮುಂದಾಲೋಚನೆಯನ್ನು ಮೆಚ್ಚಬೇಕು.

ಹುಡುಗಿ ಎಲ್ಲವನ್ನೂ ಎಳೆದು ಕಂಪ್ಯೂಟರಿಗೆ ಹಾಕಹೊರಟಳು. ಮೂರನೆಯ ಕಡತದ ನಡುವೆ ಡ್ರೈವು ಗೊರಗೊರನೆ ಸದ್ದು ಮಾಡಿ ನಿಂತಿತು. ‘ಓದಲಾಗುತ್ತಿಲ್ಲ’ ಎಂಬ ಉತ್ತರ ಬಂತು. ಎರಡು ಸಲ, ಮೂರು ಸಲ, ಅದೇ ಉತ್ತರ. ಅವಳ ಮುಖ ಬಾಡಿತು. ನನಗೆ ಮಾತ್ರ, ವಿಚಿತ್ರವೆಂದರೆ, ಇದು ಪರಿಚಿತವಾದ ಪ್ರದೇಶವೆನ್ನಿಸಿತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾದ ಪುಸ್ತಕ; ನಮ್ಮ ತಲೆಮಾರಿನ ಕನ್ನಡ ಎಂ.ಎ.ಗಳು ಅದನ್ನು ಓದಿಯೇ ಬೆಳೆದವರು. ಓಲೆ ಹುಳು ತಿಂದಿದ್ದರೆ ಊಹಿಸಿ ತುಂಬುವುದಕ್ಕೆ ಮುಂಚೆ ಇನ್ನೊಂದು ಪ್ರತಿಯನ್ನು ಹುಡುಕಬೇಕು ಎಂಬುದು ಆ ಶಾಸ್ತ್ರದ ಮೊದಲ ಪಾಠ. ‘ಇನ್ನೊಂದು ಪ್ರತಿ ಇಲ್ಲವಲ್ಲ, ಮಾವ’ ಎಂದಳು. ‘ಇನ್ನೊಬ್ಬ ಓದುಗನಾದರೂ ಇರಬಹುದಲ್ಲ’ ಎಂದೆ. ಮಂಕಾದ ಓಲೆಯನ್ನು ಒಬ್ಬರ ಕಣ್ಣು ಓದಲಾರದಿದ್ದರೂ ಇನ್ನೊಬ್ಬರ ಕಣ್ಣು ಓದುತ್ತದೆ. ನೆರೆಮನೆಯವರ ಹಳೆಯ ಕಂಪ್ಯೂಟರಿನ ಡ್ರೈವಿಗೆ ಹಾಕಿ ನೋಡಿದೆವು. ಕೆಟ್ಟ ಜಾಗವನ್ನು ಬಿಟ್ಟು ಮುಂದೆ ಓದಿಕೊಂಡು, ಕೊನೆಯಲ್ಲಿ ಹಿಂತಿರುಗಿ ಬಂದು ಬಿಟ್ಟದ್ದನ್ನು ಮತ್ತೆ ಮತ್ತೆ ಓದುವ ಪ್ರೋಗ್ರಾಮುಗಳು ಇವೆಯಂತೆ; ಅಂಥದೊಂದನ್ನು ಹುಡುಗಿ ಹೂಡಿದಳು. ರಾತ್ರಿಯೆಲ್ಲ ಅದು ಓದಿತು. ಬೆಳಿಗ್ಗೆ ಡಿಸ್ಕು ಪೂರ್ತಿಯಾಗಿ, ಇದ್ದದ್ದು ಇದ್ದ ಹಾಗೆ, ಒಂದೇ ಕಡತವಾಗಿ ಇಳಿದಿತ್ತು. ನಾಲ್ಕೈದು ಕಡೆ ಕಣ್ಣುರೆಪ್ಪೆ ಮಿಟುಕಿಸುವಷ್ಟು ಹೊತ್ತು ಚಿತ್ರ ಚೌಕಳಿ ಚೌಕಳಿಯಾಗುತ್ತದೆ. ಅಲ್ಲಿ ತ್ರುಟಿತ. ಅಷ್ಟೇ.

ಇದನ್ನು ‘ಇದ್ದದ್ದು ಇದ್ದ ಹಾಗೆ’ ಎಂದೆನಲ್ಲ, ಅದರಲ್ಲಿ ಒಂದು ಸೂಕ್ಷ್ಮವಿದೆ. ಡಿಸ್ಕಿನಿಂದ ಪ್ರತಿ ಮಾಡುವುದು ಬೇರೆ, ಹೊಸ ಬಗೆಯ ಕಡತಕ್ಕೆ ಮಾರ್ಪಡಿಸುವುದು ಬೇರೆ. ಮೊದಲನೆಯದು ನಕಲು, ಎರಡನೆಯದು ಅನುವಾದ. ಮಾರ್ಪಡಿಸಿದಾಗ ಕಡತ ಚಿಕ್ಕದಾಗುತ್ತದೆ, ಮೊಬೈಲಿನಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಪ್ರತಿಯೊಂದು ಸಲವೂ ಚಿತ್ರದಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಒಳ್ಳೆಯ ಅನುವಾದವಿದೆಯೆಂದು ಯಾರಾದರೂ ಮೂಲವನ್ನು ಒಲೆಗೆ ಹಾಕುತ್ತಾರೆಯೇ? ಇನ್ನು ನಕಲಿನ ವಿಷಯದಲ್ಲಿ ಯಂತ್ರ ನಮ್ಮ ಲಿಪಿಕಾರನಿಗಿಂತ ನಂಬಿಕಸ್ಥ. ಅವನು ತೂಕಡಿಸಿದರೆ ಒಂದು ಸಾಲು ಹಾರಿಹೋಗುತ್ತಿತ್ತು. ಹಾರಿದ್ದು ನಮಗೆ ಗೊತ್ತಾಗುತ್ತಿದ್ದದ್ದು ಛಂದಸ್ಸಿನಿಂದ: ಕಂದದಲ್ಲಿ ಒಂದು ಮಾತ್ರೆ ಕಡಿಮೆ ಬಿದ್ದರೆ, ಪ್ರಾಸ ತಪ್ಪಿದರೆ, ಅಲ್ಲಿ ಏನೋ ಲೋಪವಿದೆಯೆಂದು ಹಿಡಿಯುತ್ತಿದ್ದೆವು. ಕಂಪ್ಯೂಟರಿಗೂ ಅಂಥ ಮಾತ್ರೆಯ ಲೆಕ್ಕವೊಂದುಂಟು. ಕಡತದ ಅಂಕಿಗಳನ್ನೆಲ್ಲ ಕೂಡಿಸಿ ಕಲಸಿ ಒಂದು ಮೊತ್ತ ತೆಗೆಯುತ್ತದೆ. ನಕಲಿನ ಮೊತ್ತವೂ ಅದೇ ಬಂದರೆ ಎರಡೂ ಒಂದೇ ಎಂದು ನಂಬಬಹುದು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿದಳೆಂದು ಪ್ರತೀತಿ. ನಾವು ಮೂರೇ ಮಾಡಿಸಿದೆವು. ನಮ್ಮ ಮನೆಯಲ್ಲೊಂದು, ಮಲ್ಲೇಶ್ವರದಲ್ಲೊಂದು, ಹೊರದೇಶದಲ್ಲಿರುವ ನನ್ನ ಮಗನ ಬಳಿ ಒಂದು.

ಆಮೇಲೆ ಎಲ್ಲರೂ ಕುಳಿತು ನೋಡಿದೆವು. ಹಸೆಯ ಮುಂದೆ ಹೆಂಗಸರು ಕುಳಿತು ಹಾಡುತ್ತಿದ್ದಾರೆ. ನನ್ನ ತಾಯಿ ನಡುವೆ ಇದ್ದಾರೆ, ಬಾಯಿ ಆಡುತ್ತಿದೆ, ಕೇಳುತ್ತಿರುವುದು ಒಂದು ಸಿನಿಮಾ ಹಾಡು! ಆ ಕಾಲದ ಮದುವೆ ವಿಡಿಯೊಗಳಲ್ಲಿ ಇದು ರೂಢಿ. ಛತ್ರದ ಗದ್ದಲ ಬೇಡವೆಂದು ನಿಜವಾದ ಶಬ್ದವನ್ನು ತೆಗೆದು ಮೇಲೆ ಹಾಡು ಹೊದಿಸುತ್ತಿದ್ದರು. ಆಗ ನಾವೆಲ್ಲ ಅದನ್ನು ಮೆಚ್ಚಿದ್ದೆವೆಂಬುದನ್ನೂ ಹೇಳಬೇಕು. ‘ಹಿಂದಿನ ರಾತ್ರಿಯದು ಇತ್ತಲ್ಲ, ಅಣ್ಣ? ಅಮ್ಮ ಹಾಡಿದ್ದು. ಅದಕ್ಕೆ ಸಿನಿಮಾ ಹಾಡು ಹಾಕಿರಲಿಲ್ಲ’ ಎಂದಳು ತಂಗಿ.

ಇತ್ತು. ಕ್ಯಾಸೆಟ್ಟಿನಲ್ಲಿ ಮೂರು ಗಂಟೆಯ ಚಿತ್ರವಿತ್ತು. ಒಂದು ಡಿಸ್ಕಿನಲ್ಲಿ ಚಿತ್ರ ಚೆನ್ನಾಗಿ ಬರಬೇಕಾದರೆ ಸುಮಾರು ಎರಡು ಗಂಟೆಯಷ್ಟು ಹಿಡಿಯುತ್ತದೆ. 2006ರಲ್ಲಿ ಅಂಗಡಿಯಾತ, ‘ಸಾರ್, ಮುಹೂರ್ತದ್ದು ಇಟ್ಟುಕೊಂಡು ಬೇಡದ್ದನ್ನು ತೆಗೆದುಬಿಡಲೇ?’ ಎಂದು ಕೇಳಿದ. ಕೇಳಿಯೇ ಮಾಡಿದ, ಪಾಪ. ಹಸ್ತಪ್ರತಿಯ ಒಂದಕ್ಷರವನ್ನೂ ಸಂಪಾದಕನು ಬಿಡಬಾರದು, ಒಪ್ಪದ ಪಾಠವನ್ನು ಕೂಡ ಅಡಿಟಿಪ್ಪಣಿಯಲ್ಲಿ ಕೊಡಬೇಕು ಎಂದು ಆ ದಿನವೂ ತರಗತಿಯಲ್ಲಿ ಹೇಳಿ ಬಂದಿದ್ದ ನಾನು, ಇನ್ನೊಂದು ಡಿಸ್ಕಿನ ಖರ್ಚೇಕೆಂದು ‘ಆಗಲಿ’ ಎಂದೆ. 2009ರಲ್ಲಿ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ, ವಿ.ಸಿ.ಆರ್. ಕೆಟ್ಟುಹೋಗಿದೆ, ಡಿಸ್ಕು ಇದೆಯಲ್ಲ ಎಂದು ಕ್ಯಾಸೆಟ್ಟನ್ನು ಹಳೆಯ ಸಾಮಾನಿನವನಿಗೆ ಕೊಟ್ಟೆವು. 2016ರಲ್ಲಿ ಜಪಾನಿನ ಫುನಾಯಿ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿದ್ದೇ ಆ ಯಂತ್ರಕ್ಕೆ ಕೊನೆ. ಆದರೂ ಕ್ಯಾಸೆಟ್ಟಿದ್ದಿದ್ದರೆ ಎಲ್ಲಾದರೂ ಒಂದು ಹಳೆಯ ಯಂತ್ರ ದೊರೆಯುತ್ತಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಇದೇ ಊರಿನಲ್ಲಿ ತೆರೆ ಕಂಡಿತು; ಅದರ ಒಂದು ಪ್ರತಿಯೂ ಉಳಿದಿಲ್ಲ. ಅದಕ್ಕಾಗಿ ಸಭೆಗಳಲ್ಲಿ ಮರುಗಿದವನು ನಾನು.

ಸಂಪಾದನೆಯ ಕೆಲಸ ಮುಂದಿನ ವಾರ ಆರಂಭವಾಯಿತು. ಕತ್ತರಿಸುವುದು ಸುಲಭವೆಂದು ತಿಳಿದಿದ್ದೆ. ಡಿಸ್ಕಿನಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿಯಾಗಿರುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣಚಿತ್ರ, ನಡುವಿನವೆಲ್ಲ ಹಳೆಯ ಲೆಕ್ಕದ ಪುಸ್ತಕದಲ್ಲಿ ‘ಸದರಿ, ಸದರಿ’ ಎಂದು ಬರೆದು ವ್ಯತ್ಯಾಸವನ್ನಷ್ಟೇ ಕಾಣಿಸಿದಂತೆ. ಸದರಿಯ ನಡುವೆ ಕತ್ತರಿ ಹಾಕಿದರೆ ಮುಂದಿನದಕ್ಕೆ ತಲೆಯಿಲ್ಲ. ಆದ್ದರಿಂದ ಕೆಲಸಕ್ಕೆ ಬೇರೆಯೇ ಒಂದು ಕಡತವನ್ನು, ಪ್ರತಿಯೊಂದು ಚಿತ್ರವೂ ಪೂರ್ಣವಾಗಿರುವಂತೆ, ಮಾಡಿಕೊಂಡಳು. ಅದು ಹತ್ತಾರು ಪಟ್ಟು ದೊಡ್ಡದಾಯಿತು. ಮೂಲದ ಪ್ರತಿಯನ್ನು ಮುಟ್ಟಲಿಲ್ಲ.

ಒಂದು ಕಡೆ ವಿಡಿಯೊದವನು ಯಂತ್ರವನ್ನು ನಿಲ್ಲಿಸಲು ಮರೆತು ನಡೆದಿದ್ದಾನೆ. ಛತ್ರದ ಕೆಂಪು ನೆಲ, ದೀಪದ ತಂತಿ, ಯಾರದೋ ಚಪ್ಪಲಿ. ಅಂಗಡಿಯಾತನ ಕಣ್ಣಿಗೂ ಹೇಗೋ ತಪ್ಪಿಸಿಕೊಂಡಿದೆ. ಹುಡುಗಿ, ‘ಇದು ಬರಿಯ ನೆಲ’ ಎಂದು ಕತ್ತರಿಸಲು ಗುರುತು ಹಾಕಿದಳು. ‘ತಡೆ ಪುಟ್ಟಿ, ಇನ್ನೊಮ್ಮೆ ಹಾಕು’ ಎಂದೆ. ಹಾಕಿದಳು. ಪಾತ್ರೆಗಳ ಸದ್ದಿನ ಹಿಂದೆ ಒಂದು ದನಿ: ‘ಎಲೆ ತೊಳೆದರೆ ಸಾಲದು ಕಣೇ, ಒರೆಸಿಡು.’

‘ಯಾರು ಮಾವ, ಇದು?’

‘ನಿನ್ನ ಅಜ್ಜಿ.’

ಆ ಮಧ್ಯಾಹ್ನ ಅವಳು ಅದನ್ನು ಎಷ್ಟು ಸಲ ಹಾಕಿದಳೋ ನಾನು ಲೆಕ್ಕವಿಡಲಿಲ್ಲ. ಹತ್ತು ನಿಮಿಷದ ಚಿತ್ರದಲ್ಲಿ ಧಾರೆಗೆ ಮೊದಲು ಆ ನೆಲವೂ ಚಪ್ಪಲಿಯೂ ಹಾಗೆಯೇ ಇವೆ. ನೋಡಿದ ಬಂಧುಗಳು ಕೆಲವರು, ‘ಇದನ್ನು ತೆಗೆಯಬಾರದಾಗಿತ್ತೇ?’ ಎಂದು ಸಲಹೆ ಕೊಟ್ಟರು.

ಹಸೆಯ ಹಾಡಿನ ಮಾತು ಅಲ್ಲಿಗೇ ನಿಲ್ಲಲಿಲ್ಲ. ತಂಗಿ ತೆರೆಯ ಹತ್ತಿರ ಕುಳಿತು, ಸಿನಿಮಾ ಹಾಡಿನ ಶಬ್ದವನ್ನು ನಿಲ್ಲಿಸಿ, ಅಮ್ಮನ ತುಟಿಯನ್ನೇ ನೋಡುತ್ತ ಅದು ಯಾವ ಹಾಡೆಂದು ಗುರುತಿಸಿದಳು. ಅವಳಿಗೆ ಎರಡು ನುಡಿ ನೆನಪಿತ್ತು. ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮ ಫೋನಿನಲ್ಲಿ ನಾಲ್ಕೂ ನುಡಿಗಳನ್ನು ಹಾಡಿದರು. ಎರಡನೆಯ ನುಡಿಯಲ್ಲಿ ತಂಗಿ ‘ಮಲ್ಲಿಗೆ’ ಎನ್ನುವ ಕಡೆ ಅವರು ‘ಸಂಪಿಗೆ’ ಎನ್ನುತ್ತಾರೆ. ಅಮ್ಮನ ತುಟಿ ಯಾವುದನ್ನು ಹೇಳುತ್ತಿದೆಯೆಂದು ಹತ್ತಾರು ಸಲ ನೋಡಿದೆವು. ಆ ಹೊತ್ತಿಗೆ ಸರಿಯಾಗಿ ಯಾರೋ ಹೂವಿನ ತಟ್ಟೆ ಹಿಡಿದು ಅಡ್ಡ ಹೋಗುತ್ತಾರೆ. ಎರಡೂ ಪಾಠಗಳನ್ನು ಬೇರೆ ಬೇರೆಯಾಗಿ ದಾಖಲಿಸಿ, ಯಾರು ಎಂದು ಹಾಡಿದ್ದೆಂದು ಬರೆದು, ಡಿಸ್ಕಿನ ಪ್ರತಿಯ ಪಕ್ಕದಲ್ಲಿ ಇಟ್ಟಿದ್ದೇವೆ.