ಹೆಸರು ಎಕ್ಸ್‌ಎಂಎಲ್‌ನಲ್ಲಿ, ಕೆಲಸ ಜಾವಾದಲ್ಲಿ



ಜಾವಾ ಕಲಿತು ಮೊದಲ ಬಾರಿಗೆ ವೆಬ್ ಫ್ರೇಮ್‌ವರ್ಕ್ ಹಿಡಿದವರಿಗೆ ಒಂದು ಗೊಂದಲ ಸಹಜ. ಇಲ್ಲಿ ಮೇನ್ ಮೆಥಡ್ ಬರೆಯುವುದಿಲ್ಲ. ಹಾಗಾದರೆ ನಾವು ಬರೆದ ಕ್ಲಾಸನ್ನು ಕರೆಯುವವರು ಯಾರು? ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ನೋಡೋಣ.

ಕ್ರೇಗ್ ಮೆಕ್‌ಕ್ಲಾನಹನ್ 2000ರಲ್ಲಿ ಸ್ಟ್ರಟ್ಸ್ ಆರಂಭಿಸಿದರು. ಅದರ ಮೊದಲ ಪೀಳಿಗೆಗೆ 2013ರಲ್ಲಿ ಬೆಂಬಲ ನಿಂತಿತು. ಈಗ ಮುಂದುವರಿದಿರುವುದು ಸ್ಟ್ರಟ್ಸ್ 2ರಿಂದ ಬೆಳೆದು ಬಂದ ಆವೃತ್ತಿಗಳು.

ಒಂದು ವಿದ್ಯಾರ್ಥಿವೇತನದ ಅರ್ಜಿಯನ್ನು ಕಲ್ಪಿಸಿಕೊಳ್ಳಿ. ಅಂಕ ಮತ್ತು ಕುಟುಂಬದ ಆದಾಯ ನೋಡಿ ಅರ್ಹತೆ ನಿರ್ಧರಿಸಬೇಕು. ಈ ಲೆಕ್ಕ ಯಾವ ಫ್ರೇಮ್‌ವರ್ಕಿಗೂ ಗೊತ್ತಿಲ್ಲ. ಅದನ್ನು ಜಾವಾದಲ್ಲಿ ನೀವೇ ಬರೆಯಬೇಕು. ಬಳಿಕ ಸ್ಟ್ರಟ್ಸ್‌ನ ಎಕ್ಸ್‌ಎಂಎಲ್ ಕಡತದಲ್ಲಿ ಆಕ್ಷನ್ ಎಂಬ ಟ್ಯಾಗ್ ಹಾಕಿ ಮೂರು ವಿಷಯ ತಿಳಿಸುತ್ತೀರಿ: ವಿಳಾಸದಲ್ಲಿ ಬರುವ ಹೆಸರು, ನಿಮ್ಮ ಕ್ಲಾಸಿನ ಪೂರ್ಣ ಹೆಸರು, ಕರೆಯಬೇಕಾದ ಮೆಥಡ್. ಮೆಥಡ್ ಹೇಳದಿದ್ದರೆ ಎಕ್ಸಿಕ್ಯೂಟ್ ಎಂಬುದನ್ನೇ ಕರೆಯಲಾಗುತ್ತದೆ.

ಅರ್ಜಿ ಬಂದಾಗ ಫ್ರೇಮ್‌ವರ್ಕ್ ಆ ಕ್ಲಾಸಿನ ಹೊಸ ವಸ್ತುವೊಂದನ್ನು ಸೃಷ್ಟಿಸಿ, ಫಾರಂನ ಅಂಕಿಗಳನ್ನು ಸೆಟರ್ ಮೆಥಡ್‌ಗಳ ಮೂಲಕ ತುಂಬಿ, ನಿಮ್ಮ ಮೆಥಡನ್ನು ಕರೆಯುತ್ತದೆ. ನೀವು ಹಿಂದಿರುಗಿಸುವುದು 'ಸಕ್ಸೆಸ್' ಅಥವಾ 'ಇನ್‌ಪುಟ್'ನಂಥ ಒಂದು ಪದ ಮಾತ್ರ. ಯಾವ ಪದಕ್ಕೆ ಯಾವ ಪುಟ ಎಂಬುದೂ ಎಕ್ಸ್‌ಎಂಎಲ್‌ನಲ್ಲೇ ಇರುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಎಕ್ಸ್‌ಎಂಎಲ್‌ನಲ್ಲಿರುವ ಹೆಸರು ಜಾವಾ ಕಂಪೈಲರಿಗೆ ಕಾಣುವುದಿಲ್ಲ. ಒಂದಕ್ಷರ ತಪ್ಪಿದರೂ ಕಂಪೈಲ್ ಸರಾಗವಾಗಿ ಮುಗಿದು, ನಂತರ ಓಡಿಸುವಾಗ ಕ್ಲಾಸ್ ಸಿಗಲಿಲ್ಲವೆಂಬ ದೋಷ ಬರುತ್ತದೆ. ಎರಡನೆಯದಾಗಿ, ಸ್ಟ್ರಟ್ಸ್ 1ರಲ್ಲಿ ಒಂದೇ ವಸ್ತು ಎಲ್ಲ ಕೋರಿಕೆಗಳನ್ನೂ ನಿರ್ವಹಿಸುತ್ತಿತ್ತು. ಅರ್ಜಿದಾರನ ಅಂಕವನ್ನು ಅದರ ಫೀಲ್ಡ್‌ನಲ್ಲಿ ಇಟ್ಟರೆ ಒಬ್ಬರದು ಇನ್ನೊಬ್ಬರಿಗೆ ಸೇರುವ ಅಪಾಯವಿತ್ತು. ಹಳೆಯ ಕೋಡ್ ಸುಧಾರಿಸುವ ಕೆಲಸ ಸಿಕ್ಕವರು ಇದನ್ನು ಮೊದಲು ಪರೀಕ್ಷಿಸಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಯಾವ ಜಾವಾ ಕೋಡ್ ಓಡಬೇಕೆಂದು ತೀರ್ಮಾನಿಸುವವರು ಯಾರು? ಕಡತ ಬರೆದ ನೀವು. ಜಾಲತಾಣಕ್ಕೆ ಬಂದ ಅಪರಿಚಿತನಲ್ಲ. ಈ ಗೆರೆ ಅಳಿಸಿದರೆ ಏನಾಗುತ್ತದೆಂಬುದನ್ನು 2017 ತೋರಿಸಿತು. ಸ್ಟ್ರಟ್ಸ್ ಒಳಗಡೆ ಓಜಿಎನ್‌ಎಲ್ ಎಂಬ ಪುಟ್ಟ ಭಾಷೆಯನ್ನು ಬಳಸುತ್ತದೆ. ಅದಕ್ಕೆ ಜಾವಾ ಮೆಥಡ್‌ಗಳನ್ನು ಕರೆಯುವ ಶಕ್ತಿಯಿದೆ. ಕಡತ ಅಪ್‌ಲೋಡ್ ಮಾಡುವ ಭಾಗದಲ್ಲಿದ್ದ ದೋಷದಿಂದ, ಹೊರಗಿನವರು ಕೋರಿಕೆಯ ತಲೆಬರಹದಲ್ಲಿ ಕಳಿಸಿದ ಪಠ್ಯವೇ ಆ ಭಾಷೆಯ ಆಜ್ಞೆಯಾಗಿ ಓಡತೊಡಗಿತು. ಮಾರ್ಚ್‌ನಲ್ಲಿ ಪರಿಹಾರ ಬಿಡುಗಡೆಯಾಯಿತು. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ಒಂದು ಜಾಲತಾಣದಲ್ಲಿ ಅದನ್ನು ಅಳವಡಿಸದೆ ಉಳಿದಿತ್ತು. ಮೇ ತಿಂಗಳಿನಿಂದ ಜುಲೈವರೆಗೆ ಸುಮಾರು 14.7 ಕೋಟಿ ಜನರ ಖಾಸಗಿ ಮಾಹಿತಿ ಕಳ್ಳರ ಪಾಲಾಯಿತು.

ಆದ್ದರಿಂದಲೇ ಹೊಸ ಆವೃತ್ತಿಗಳು ಬಿಗಿಯಾಗಿವೆ. ವಿಳಾಸದಲ್ಲೇ ಮೆಥಡ್ ಹೆಸರು ಬರೆದು ಕರೆಯುವ ಸೌಲಭ್ಯ ಈಗ ತಾನಾಗಿ ತೆರೆದಿರುವುದಿಲ್ಲ. ಸ್ಟ್ರಟ್ಸ್ 7ರಲ್ಲಿ ನೀವು ಗುರುತು ಹಾಕಿದ ಸೆಟರ್‌ಗಳಿಗೆ ಮಾತ್ರ ಫಾರಂನ ಬೆಲೆಗಳು ಸೇರುತ್ತವೆ. ಅಡ್ಡಿಯೆಂದು ಭಾವಿಸಿ ಈ ಬೀಗಗಳನ್ನು ತೆಗೆಯಬೇಡಿ.

ವಿದ್ಯಾರ್ಥಿಗಳೇ, ಅರ್ಹತೆಯ ಲೆಕ್ಕವನ್ನು ಪ್ರತ್ಯೇಕ ಕ್ಲಾಸಿನಲ್ಲಿ ಬರೆದು, ವೆಬ್ ಇಲ್ಲದೆಯೇ ಪರೀಕ್ಷಿಸಿ. ಆಕ್ಷನ್ ಕ್ಲಾಸ್ ಅದನ್ನು ಕರೆಯಲಿ, ಅಷ್ಟೇ. ಹೊರಗಿನಿಂದ ಬಂದದ್ದನ್ನು ಬರೀ ಅಂಕಿ-ಅಕ್ಷರವೆಂದು ಕಾಣಿ, ಆಜ್ಞೆಯೆಂದಲ್ಲ. ಹೊಸ ಪರಿಹಾರ ಬಂದ ಕೂಡಲೇ ಅಳವಡಿಸಿ. ನಾಳೆ ನೀವು ಎಕ್ಸ್‌ಎಂಎಲ್ ಬಿಟ್ಟು ಬೇರೆ ವಿಧಾನ ಬಳಸಿದರೂ ಈ ನಿಯಮ ಬದಲಾಗದು. ಅರ್ಜಿ ತುಂಬುವ ಹುಡುಗಿಗೆ ಫ್ರೇಮ್‌ವರ್ಕಿನ ಹೆಸರು ಗೊತ್ತಿರುವುದಿಲ್ಲ. ತನ್ನ ಮನೆಯ ಆದಾಯದ ವಿವರವನ್ನು ಅವಳು ನಿಮ್ಮ ಕೈಗೆ ಒಪ್ಪಿಸಿರುತ್ತಾಳೆ.