ಕಿರುರಂಗದ ಹಿರಿಮೆ



ಶತಮಾನೋತ್ಸವದ ಸಭೆಯಲ್ಲಿ ಗೊಂಬೆಯಾಟದ ವಿಚಾರವನ್ನೆತ್ತುವುದು ಕೆಲವರಿಗೆ ಲಘುವೆನಿಸೀತು. ಇಂತಹ ಸಂದರ್ಭದಲ್ಲಿ ದೇವಾಲಯದ ಗೋಡೆ, ಗೋಪುರ, ಘಂಟೆ, ಸೇವೆ ಸಲ್ಲಿಸಿದ ಗುರುಗಳ ಪರಂಪರೆ ಇವುಗಳನ್ನು ಸ್ಮರಿಸುವುದು ವಾಡಿಕೆ. ಅದನ್ನು ಬಲ್ಲವರು ತಕ್ಕಂತೆ ಮಾಡುತ್ತಾರೆ. ನಾವು ಮಾತ್ರ, ಪ್ರತಿ ಡಿಸೆಂಬರಿನಲ್ಲಿ ಹುಲ್ಲು, ರಟ್ಟು, ಬಿದಿರುಗಳಿಂದ ಕಟ್ಟಿ ಜನವರಿಯಲ್ಲಿ ಬಿಚ್ಚಿಡುವ ಗೋದಲಿಯ ಕುರಿತು, ಅದರ ಬಂಧುಗಳಾದ ಕಿರುರಂಗ ಹಾಗೂ ಗೊಂಬೆಯಾಟಗಳ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಗೋದಲಿಯನ್ನು ನಾಟಕವೆಂದು ಕರೆದರೆ ತಪ್ಪೇನೂ ಇಲ್ಲ. ಆಗಮನ ಕಾಲದುದ್ದಕ್ಕೂ ಮೇವಿನ ತೊಟ್ಟಿ ಬರಿದಾಗಿರುತ್ತದೆ. 24ರ ನಡುರಾತ್ರಿ ಬಾಲಯೇಸುವನ್ನು ಅಲ್ಲಿ ಮಲಗಿಸುತ್ತೇವೆ. ಸಂಪ್ರದಾಯ ಬಲ್ಲ ಮನೆಗಳಲ್ಲಿ ಜ್ಞಾನಿಗಳ ಒಂಟೆಗಳು ದೂರದ ಮೂಲೆಯಿಂದ ದಿನಕ್ಕೊಂದು ಗೇಣು ಮುಂದೆ ಸರಿದು, ಜನವರಿ 6ರ ಹೊತ್ತಿಗೆ ಗುಡಿಸಲ ಬಾಗಿಲನ್ನು ಮುಟ್ಟುತ್ತವೆ. ಇದಕ್ಕಿಂತ ನಿಧಾನವಾದ ಗೊಂಬೆಯಾಟ ಮತ್ತೊಂದಿರಲಾರದು.

ಇದರ ಮೂಲವನ್ನು ನಾವೆಲ್ಲ ಬಲ್ಲೆವು. 1223ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ತೊಟ್ಟಿಯನ್ನಿರಿಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಏರ್ಪಡಿಸಿದರು. ಅಂದು ಅಲ್ಲಿದ್ದವು ಜೀವಂತ ಪ್ರಾಣಿಗಳು. ಆದರೆ ಜೀವಂತ ಎತ್ತು ಎಲ್ಲರ ಮನೆಯ ಮೂಲೆಗೂ ಬರಲಾರದು. ಮಣ್ಣಿನ ಎತ್ತು ಬರಬಲ್ಲದು. ಈ ದೃಶ್ಯ ಗೊಂಬೆಗಳ ಗಾತ್ರಕ್ಕೆ ಇಳಿದುದರಿಂದಲೇ ಬಡವರ ಮನೆಗೂ ದಕ್ಕಿತೆಂದು ನಮ್ಮ ಅಭಿಪ್ರಾಯ. 18ನೆಯ ಶತಮಾನದ ನೇಪಲ್ಸ್ ನಗರದ ಕುಶಲಿಗಳು ತಂತಿ ಮತ್ತು ನಾರಿನ ಒಡಲಿಗೆ ಸುಟ್ಟ ಮಣ್ಣಿನ ತಲೆ, ಮರದ ಕೈಕಾಲು ಜೋಡಿಸಿ, ಬೇಕಾದ ಭಂಗಿಗೆ ಬಾಗಿಸಬಹುದಾದ ಗೊಂಬೆಗಳನ್ನು ರೂಪಿಸಿದರು. ಬಾಲಯೇಸುವಿನ ಸುತ್ತ ಅವರು ಕೂರಿಸಿದ್ದು ತಮ್ಮದೇ ಸಂತೆಯ ಮೀನುಗಾರರನ್ನು, ಹಣ್ಣು ಮಾರುವವರನ್ನು. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಚಳಿಗಾಲಕ್ಕೆ ಕೆಲಸವಿಲ್ಲದ ಗಾರೆಯವರು, ಬಡಗಿಗಳು ಹೊತ್ತು ತಿರುಗಬಲ್ಲ ಗೋದಲಿಗಳನ್ನು ಮಾಡಿ ಮನೆಮನೆಯ ಮುಂದೆ ಗೊಂಬೆ ಆಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಆ ಪರಂಪರೆಯನ್ನು ಯುನೆಸ್ಕೊ ಸಂಸ್ಥೆ 2018ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸೂತ್ರದ ಗೊಂಬೆಗೆ ಫ್ರೆಂಚರು ಇಟ್ಟ ‘ಮರಿಯೊನೆತ್’ ಎಂಬ ಹೆಸರು ಕೂಡ ಮರಿಯಮ್ಮನ ಹೆಸರಿನ ಮುದ್ದಿನ ರೂಪದಿಂದ ಹುಟ್ಟಿದ್ದು.

ದೂರದ ದೇಶಗಳ ಮಾತು ಇಷ್ಟು ಸಾಕು. ಚಿಕ್ಕದರಲ್ಲಿ ದೊಡ್ಡದನ್ನು ತೋರುವ ಕೈಚಳಕ ನಮ್ಮ ಸೀಮೆಗೆ ಹೊಸತಲ್ಲ. ಬೇಲೂರಿನ ಮದನಿಕೆಯರ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಅವರು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವರು. ಸೊರಬ ಮತ್ತು ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನಂತೂ ನಾವು ವರ್ಣಿಸಬೇಕಾಗಿಲ್ಲ. ಅಂಗೈಯಗಲದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿ, ಹಕ್ಕಿ, ಆನೆ, ದೇವತೆಗಳು ಒತ್ತೊತ್ತಾಗಿ ನಿಂತಿರುತ್ತಾರೆ. ಮದುವೆಯ ಬಾಸಿಂಗವನ್ನು ಹಗುರವಾದ ಬೆಂಡಿನಿಂದ ಹೆಣೆಯುವ ಕೈಗಳೂ ಅವೇ. ಪೋರ್ಚುಗೀಸರ ಮತಾಂತರದ ಒತ್ತಾಯಕ್ಕೆ ಬೇಸತ್ತು ಇವರು ಗೋವೆಯನ್ನು ಬಿಟ್ಟು ಬಂದರೆಂಬ ಪ್ರತೀತಿಯನ್ನು ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಕಥೋಲಿಕರ ಸಭೆಯೆಂದು ಈ ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ. ಅಂಥವರ ನೆರೆಯಲ್ಲಿ ನಾವಿಂದು ಸೌಹಾರ್ದದಿಂದ ಬಾಳುತ್ತಿರುವುದು ದೇವರ ಕೃಪೆ.

ಘಟ್ಟವಿಳಿದರೆ ಕುಂದಾಪುರದ ಬಳಿಯ ಉಪ್ಪಿನಕುದ್ರು. ಅಲ್ಲಿಯ ಸೂತ್ರದ ಗೊಂಬೆ ನಿಂತರೆ ಒಂದೂವರೆ ಅಡಿ. ಆದರೆ ಯಕ್ಷಗಾನದ ಕಿರೀಟ, ಎದೆಪದಕ, ಬಣ್ಣ ಯಾವುದಕ್ಕೂ ಕೊರತೆಯಿಲ್ಲ. ಭಾಗವತರ ಪದಕ್ಕೆ, ಚಂಡೆಮದ್ದಳೆಯ ಪೆಟ್ಟಿಗೆ ಆ ಗೊಂಬೆ ಹೆಜ್ಜೆ ತಪ್ಪುವುದಿಲ್ಲ. ಈ ಪರಂಪರೆಯ ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಬಯಲುಸೀಮೆಯ ಕಡೆಗೆ ಹೊರಳಿದರೆ ಕಿಳ್ಳೇಕ್ಯಾತರ ತೊಗಲುಗೊಂಬೆಯಾಟ: ಹದಮಾಡಿ ತೆಳ್ಳಗಾಗಿಸಿದ ಚರ್ಮಕ್ಕೆ ಬಣ್ಣವಿಟ್ಟು, ರಂಧ್ರಗಳನ್ನು ಕೊರೆದು, ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ ರಾತ್ರಿಯಿಡೀ ರಾಮಾಯಣ ಆಡಿಸುವ ಕಲೆ. ಮಳೆ ಕೈಕೊಟ್ಟ ವರ್ಷ ಊರವರು ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ದೊರೆಯಿತು. ಸಂತೋಷವೇ. ಆದರೆ ಸಿನಿಮಾ ಮತ್ತು ದೂರದರ್ಶನ ಬಂದ ಮೇಲೆ ಎಷ್ಟೋ ಮನೆತನಗಳ ಗೊಂಬೆಗಳು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಸೇರಿವೆ. ಹಿಂದಿನಿಂದ ದೀಪವಿಲ್ಲದ ತೊಗಲುಗೊಂಬೆ ಬರಿಯ ತೊಗಲು.

ಈ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವುಂಟು. ರಾಜನ ಗೊಂಬೆ, ದೇವರ ಗೊಂಬೆ ದೊಡ್ಡದು, ಆಳುಕಾಳುಗಳದು ಚಿಕ್ಕದು. ಅಂತಸ್ತಿಗೆ ತಕ್ಕ ಗಾತ್ರ. ನಮ್ಮ ಗೋದಲಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಒಂಟೆ ದೊಡ್ಡದು, ರಾಯರು ಎತ್ತರ, ಕುರುಬರು ದಷ್ಟಪುಷ್ಟ. ಯಾರಿಗಾಗಿ ಇಷ್ಟೆಲ್ಲ ಕಟ್ಟಿದ್ದೇವೆಯೋ ಆತನದು ಎಲ್ಲಕ್ಕಿಂತ ಸಣ್ಣ ಗೊಂಬೆ. ಕಾಣಬೇಕಾದರೆ ಎಂತಹವರೂ ಬಗ್ಗಲೇಬೇಕು.

ಚಿಕ್ಕದರ ಆಕರ್ಷಣೆ ಎಲ್ಲಿದೆ? ದೊಡ್ಡ ರಂಗಮಂದಿರದಲ್ಲಿ ನಟನೇ ಅಳುತ್ತಾನೆ, ನಗುತ್ತಾನೆ. ನಮಗೆ ಹೆಚ್ಚಿನ ಕೆಲಸವಿಲ್ಲ. ಗೊಂಬೆಯ ಮುಖ ಬದಲಾಗುವುದಿಲ್ಲ. ಸೂತ್ರ ಸಡಿಲಿಸಿದಾಗ ಕತ್ತು ಒಂದಿಷ್ಟು ಬಾಗುತ್ತದೆ, ಅಷ್ಟೆ. ಆ ಬಾಗಿದ ಕತ್ತಿನಲ್ಲಿ ಕಣ್ಣೀರನ್ನು ಕಾಣುವವರು ನಾವು. ಉಳಿದ ಅರ್ಧ ನಾಟಕವನ್ನು ನೋಡುವವನೇ ಕಟ್ಟಿಕೊಳ್ಳುತ್ತಾನೆ. ತಾನು ಕಟ್ಟಿದ್ದನ್ನು ಅವನು ಸುಲಭವಾಗಿ ಮರೆಯುವುದಿಲ್ಲ.

ಮಾಡುವವನ ಸುಖ ಇದಕ್ಕಿಂತಲೂ ಮಿಗಿಲು. 19ನೆಯ ಶತಮಾನದ ಲಂಡನ್ನಿನಲ್ಲಿ ಮಕ್ಕಳಿಗಾಗಿ ಕಾಗದದ ರಂಗಮಂದಿರಗಳು ಮಾರಾಟವಾಗುತ್ತಿದ್ದವು. ಪಾತ್ರಗಳನ್ನು ಅಚ್ಚು ಹಾಕಿದ ಹಾಳೆಗೆ ಬಣ್ಣವಿಲ್ಲದಿದ್ದರೆ ಒಂದು ಪೆನ್ನಿ, ಬಣ್ಣವಿದ್ದರೆ ಎರಡು. ಮಕ್ಕಳು ಅದನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಮೇಜಿನ ಮೇಲೆ ನಾಟಕವಾಡುತ್ತಿದ್ದರು. ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1884ರ ಪ್ರಬಂಧವೊಂದರಲ್ಲಿ ತನ್ನ ಬಾಲ್ಯದ ಈ ಆಟವನ್ನು ನೆನೆಯುತ್ತಾ, ಹಾಳೆಯನ್ನು ಆರಿಸಿ ಬಣ್ಣ ಬಳಿಯುವುದರಲ್ಲೇ ಆನಂದವೆಲ್ಲ ಇತ್ತು, ಬಣ್ಣ ಮುಗಿದ ಮೇಲೆ ಆಟದಲ್ಲಿ ಸ್ವಾರಸ್ಯ ಉಳಿಯುತ್ತಿರಲಿಲ್ಲ ಎಂಬರ್ಥದ ಮಾತನ್ನಾಡಿದ್ದಾನೆ. ಹಾವೇರಿ, ಧಾರವಾಡಗಳ ಕಡೆ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆಸರು ಮೆತ್ತಿದ ಕೈಗಳಿಂದ ಎತ್ತಿನ ಕೊಂಬು ತಿದ್ದುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿಗೆ ನಮ್ಮ ಮನಸ್ಸಿನ ಕಳವಳವನ್ನು ನಿವೇದಿಸಬೇಕಾಗಿದೆ. ಈಚಿನ ವರ್ಷಗಳಲ್ಲಿ ಗೋದಲಿ ಅಂಗಡಿಯಿಂದ ಪೆಟ್ಟಿಗೆಯಲ್ಲಿ ಬರುತ್ತಿದೆ. ಎರಕ ಹೊಯ್ದ ಮುಖಗಳು, ಮಿನುಗುವ ವಿದ್ಯುದ್ದೀಪಗಳು, ಸುತ್ತಲೂ ಹಗ್ಗ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ‘ಮುಟ್ಟಬೇಡಿ, ಒಡೆದೀತು’ ಎಂಬುದೊಂದೇ ಅಲ್ಲಿ ಮಕ್ಕಳ ಕಿವಿಗೆ ಬೀಳುವ ಉಪದೇಶ. ಜಗದ್ಗುರು ಫ್ರಾನ್ಸಿಸ್‌ನವರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೋದಲ್ಲಿ ಸಹಿ ಮಾಡಿದ ಪತ್ರದಲ್ಲಿ, ಮನೆಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯವನ್ನು ಬಿಡಬಾರದೆಂದು ವಿಶ್ವಾಸಿಗಳನ್ನು ಪ್ರೋತ್ಸಾಹಿಸಿದ್ದರು. ಕಟ್ಟುವುದು ಬೇರೆ, ಕೊಂಡು ಇಡುವುದು ಬೇರೆ.

ಆದುದರಿಂದ ಶತಮಾನೋತ್ಸವದ ವರ್ಷದ ಗೋದಲಿಯನ್ನು ಧರ್ಮೋಪದೇಶದ ಮಕ್ಕಳ ಕೈಗೆ ಒಪ್ಪಿಸಬೇಕೆಂದು ನಮ್ಮ ವಿನಂತಿ. ಕೆರೆಯ ಜೇಡಿಮಣ್ಣು, ಗದ್ದೆಯ ಹುಲ್ಲು, ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚೂರು ಇವಕ್ಕೆ ಖರ್ಚಿಲ್ಲ. ನೇಪಲ್ಸಿನವರು ತಮ್ಮ ಸಂತೆಯನ್ನು ಕೂರಿಸಿದಂತೆ ನಮ್ಮ ಮಕ್ಕಳೂ ಕಂಬಳಿ ಹೊದ್ದ ಕುರಿಗಾಹಿಯನ್ನು, ಅಡಿಕೆ ಸುಲಿಯುವ ಅಕ್ಕಂದಿರನ್ನು ಬಾಲಯೇಸುವಿನ ಎದುರು ಕೂರಿಸಲಿ. ಎತ್ತಿಗೆ ಒಂದು ಕೊಂಬು ಉದ್ದವಾದರೂ ಹಿರಿಯರು ತಿದ್ದಲು ಹೋಗಬಾರದು. ಗುಡಿಗಾರ ಕುಶಲಿಯೊಬ್ಬರನ್ನು ತಕ್ಕ ಗೌರವಧನ ಕೊಟ್ಟು ಬರಮಾಡಿಕೊಂಡು ಬೆಂಡಿನ ಕೆಲಸವನ್ನು ಎರಡು ದಿನ ಕಲಿಸಿದರೆ, ದೇವದೂತರ ರೆಕ್ಕೆಗಳಿಗೆ ಅದಕ್ಕಿಂತ ಹಗುರವಾದ ಸಾಮಗ್ರಿ ಬೇರೆ ಬೇಕಿಲ್ಲ. ಇನ್ನು ಕಿರುರಂಗಕ್ಕೆ ಹಳೆಯ ರಟ್ಟಿನ ಪೆಟ್ಟಿಗೆಯೊಂದು, ಅದರ ಬಾಯಿಗೆ ಬಿಗಿದು ಕಟ್ಟಿದ ಬಿಳಿಯ ಪಂಚೆಯ ತುಂಡು, ಹಿಂದೆ ಒಂದು ಕೈದೀಪ, ಪೊರಕೆಕಡ್ಡಿಗೆ ಅಂಟಿಸಿದ ಕಾಗದದ ಪಾತ್ರಗಳು ಸಾಕು. ಮೊದಲ ವರ್ಷಕ್ಕೆ ಕಳೆದುಹೋದ ಕುರಿಯ ಸಾಮತಿ ಒಳ್ಳೆಯದು: ಪಾತ್ರ ಒಂದೇ, ಉಳಿದದ್ದೆಲ್ಲ ಕುರಿಗಳು; ಆದುದರಿಂದ ಎಷ್ಟು ಮಕ್ಕಳಿದ್ದರೂ ಎಲ್ಲರ ಕೈಗೂ ಒಂದೊಂದು ಕಡ್ಡಿ ಸಿಗುತ್ತದೆ.