ಎಂ.ಎ. ಅರ್ಥಶಾಸ್ತ್ರ: ಸಂಶೋಧನೆ ಮತ್ತು ಉದ್ಯೋಗ



ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ಮೇಲೆ ಮುಂದೇನು? ನಮ್ಮ ಸ್ಟುಡಿಯೋಗೆ ಚರ್ಚೆಗೆಂದು ಬರುವ ವಿದ್ಯಾರ್ಥಿಗಳು ರೆಕಾರ್ಡಿಂಗ್ ಮುಗಿದ ಮೇಲೆ ಕೇಳುವ ಪ್ರಶ್ನೆ ಇದು. ಅವರಿಗೆ ಸಂಶೋಧನೆಯ ಆಸೆ. ಮನೆಯಲ್ಲಿ ಬೇಗ ಕೆಲಸಕ್ಕೆ ಸೇರಲೆಂಬ ಒತ್ತಾಯ. ಇವೆರಡನ್ನೂ ಬೇರೆ ಬೇರೆ ದಾರಿಗಳೆಂದು ತಿಳಿಯಬೇಕಾಗಿಲ್ಲ. ಚೆನ್ನಾಗಿ ಮಾಡಿದ ಒಂದು ಚಿಕ್ಕ ಸಂಶೋಧನೆ ಉದ್ಯೋಗಕ್ಕೂ ಸಿದ್ಧತೆಯೇ.

ಮೊದಲು ವಿಷಯದ ಆಯ್ಕೆ. ನಾನು ವಿಜ್ಞಾನ ಓದಿದವನು. ಪ್ರಯೋಗಶಾಲೆಯಲ್ಲಿ ನಮ್ಮನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ, 'ಏನನ್ನು ಅಳೆಯುತ್ತೀರಿ?' ಎಂಬುದು. ಅರ್ಥಶಾಸ್ತ್ರಕ್ಕೂ ಈ ಪ್ರಶ್ನೆ ಸಲ್ಲುತ್ತದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ 'ಶಕ್ತಿ' ಯೋಜನೆ ಆರಂಭವಾಯಿತು. 'ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ' ಎಂದು ಶೀರ್ಷಿಕೆ ಕೊಡುವುದು ಸುಲಭ. ಆದರೆ ಸಬಲೀಕರಣವನ್ನು ಅಳೆಯುವುದು ಹೇಗೆ? ಅದರ ಬದಲು ಹೀಗೆ ಕೇಳಿ: ಸೊಪ್ಪು, ಹೂವು ಮಾರುವ ಮಹಿಳೆಯರು ಈಗ ಹಿಂದಿಗಿಂತ ದೂರದ ಸಂತೆಗೆ ಹೋಗುತ್ತಿದ್ದಾರೆಯೇ? ವಾರಕ್ಕೆ ಎಷ್ಟು ದಿನ? ಉಳಿಕೆ ಎಷ್ಟು? ಇವೆಲ್ಲ ಎಣಿಸಲು ಬರುವಂಥವು. ಆದಾಯ ಹೆಚ್ಚಿದ್ದರೆ ಅದಕ್ಕೆ ಸೊಪ್ಪಿನ ಬೆಲೆಯೇರಿಕೆಯೂ ಕಾರಣವಿರಬಹುದು. ಆದ್ದರಿಂದ ಅದೇ ಸಂತೆಯ ಪುರುಷ ವ್ಯಾಪಾರಿಗಳನ್ನೂ ಕೇಳಿ ಹೋಲಿಸಬೇಕು.

ಇನ್ನು ಅಂಕಿಅಂಶ. ಎಲ್ಲವನ್ನೂ ನೀವೇ ಸಂಗ್ರಹಿಸಬೇಕಾಗಿಲ್ಲ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪರಂಪರೆ ಇಂದಿಗೂ ನಡೆದಿದೆ. 2022-23 ಮತ್ತು 2023-24ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಗಳ ಬಿಡಿ ಕುಟುಂಬಗಳ ಮಾಹಿತಿಯನ್ನು ಕೇಂದ್ರದ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುತ್ತದೆ. ರಾಜ್ಯದ ವಿಚಾರಕ್ಕೆ ಪ್ರತಿವರ್ಷದ ಕರ್ನಾಟಕ ಆರ್ಥಿಕ ಸಮೀಕ್ಷೆ ಇದೆ. 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು 2002ರಲ್ಲಿ ತಿಳಿಸಿದ ನಂಜುಂಡಪ್ಪ ಸಮಿತಿಯ ವರದಿ ಇದೆ. ನಿಮ್ಮ ತಾಲ್ಲೂಕು ಅದರಲ್ಲಿ ಎಲ್ಲಿದೆ ಎಂದು ನೋಡುವುದೇ ಒಳ್ಳೆಯ ಆರಂಭ. ಲೆಕ್ಕಾಚಾರಕ್ಕೆ 'ಆರ್' ಎಂಬ ಸಾಫ್ಟ್‌ವೇರ್ ಹಣವಿಲ್ಲದೆ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಸಂಶೋಧನಾ ಸಹಾಯಕನ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದ ಒಬ್ಬ ಹುಡುಗ ನನಗೆ ಹೇಳಿದ ಮಾತಿದು. ಇನ್ನೂರು ಜನರನ್ನು ಮಾತನಾಡಿಸಿದ್ದೇನೆಂದು ಅವನು ಪ್ರಬಂಧದಲ್ಲಿ ಬರೆದಿದ್ದ. 'ಎಷ್ಟು ಜನ ಉತ್ತರ ಕೊಡಲು ಒಪ್ಪಲಿಲ್ಲ?' ಎಂದು ಅವರು ಕೇಳಿದರು. ಇವನಲ್ಲಿ ಉತ್ತರವಿರಲಿಲ್ಲ. ಅರ್ಧದಷ್ಟು ಪ್ರಶ್ನಾವಳಿಗಳನ್ನು ಹಾಸ್ಟೆಲ್ ಕೋಣೆಯಲ್ಲೇ ಕೂತು ತುಂಬಿದ್ದ. ಕೆಲಸ ಕೈತಪ್ಪಿತು. 'ನಲವತ್ತು ಜನರನ್ನೇ ನಿಜವಾಗಿ ಕೇಳಿದ್ದರೆ ಸಾಕಿತ್ತು ಸಾರ್' ಎಂದ. ಅವನ ಮಾತು ನಿಮಗೂ ನೆನಪಿರಲಿ.

ಉದ್ಯೋಗದ ಬಾಗಿಲುಗಳು ಹಲವು. ಅಧ್ಯಾಪನ ಮತ್ತು ಸಂಶೋಧನಾ ವೇತನಕ್ಕೆ ಯುಜಿಸಿ-ನೆಟ್ ಪರೀಕ್ಷೆ ಇದೆ. ರಿಸರ್ವ್ ಬ್ಯಾಂಕ್ ತನ್ನ ಆರ್ಥಿಕ ಸಂಶೋಧನಾ ವಿಭಾಗಕ್ಕೆ 'ಬಿ' ಶ್ರೇಣಿಯ ಅಧಿಕಾರಿಗಳನ್ನು ಆರಿಸುತ್ತದೆ. ಭಾರತೀಯ ಆರ್ಥಿಕ ಸೇವೆಗೆ ಕೇಂದ್ರ ಲೋಕಸೇವಾ ಆಯೋಗ ಪರೀಕ್ಷೆ ನಡೆಸುತ್ತದೆ. ಸಾಮಾನ್ಯ ವಯೋಮಿತಿ 21ರಿಂದ 30, ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಇದರ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಬಾರದು. ವಿಷಯವನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡು, ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಿ.

ಡಾ. ವಿ.ಕೆ.ಆರ್.ವಿ. ರಾವ್ ಅವರು ಅಂಕಿಅಂಶಗಳೇ ವಿರಳವಾಗಿದ್ದ ಕಾಲದಲ್ಲಿ 1931-32ರ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿದರು. 1972ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಇಂದಿಗೂ ಪಿಎಚ್.ಡಿ. ಮಾಡಲು ಅವಕಾಶವಿದೆ. ಒಮ್ಮೆ ಹೋಗಿ ನೋಡಿ ಬನ್ನಿ. ಅದಕ್ಕೆ ಮೊದಲು, ಬರುವ ಸಂತೆಯ ದಿನ ಒಂದು ನೋಟ್‌ಬುಕ್ ಹಿಡಿದು ನಿಮ್ಮೂರಿನ ಸಂತೆಗೆ ಹೋಗಿ ಬನ್ನಿ.